ಅಪ್‌ಡೇಟ್: ಸಂಡೂರಿನ ಗಣಿಯ ಕೆಂಪು ನೀರು

ಕಳೆದ ಮಳೆಗಾಲದಲ್ಲಿ ಕೇಳಿದ್ದೆ: ನಾನು ಕೆಲಸ ಮಾಡುವ ಸಂಡೂರಿನ ಕಬ್ಬಿಣದ ಅದಿರಿನ ಗಣಿಯಲ್ಲಿ ಹೂಳುಗುಂಡಿ (ಮಳೆನೀರನ್ನು ತಡೆದು ನಿಲ್ಲಿಸಿ, ಅದರ ಮಣ್ಣು ತಳಕ್ಕಿಳಿಯುವಂತೆ ಮಾಡುವ ಗುಂಡಿ) ಇದ್ದರೂ ಕೆಳಗಿನ ಹಳ್ಳಕ್ಕೆ ಕೆಂಪು ನೀರೇ ಏಕೆ ಹೋಗುತ್ತಿದೆ? ಉತ್ತರಿಸಿದ ಎಲ್ಲರಿಗೂ ಕೃತಜ್ಞ.

"ನೀರು ಒಳಬರುವ ಬಾಯಿಗೂ ಹೊರಹೋಗುವ ಬಾಯಿಗೂ ಎಷ್ಟು ದೂರವಿದೆ ನೋಡಿ" ಎಂದವರ ಮಾತೇ ನಿಜವಾಯಿತು. ಎರಡೂ ಒಂದೇ ಮೂಲೆಯಲ್ಲಿದ್ದವು. ನೀರು ನಿಲ್ಲದೆ ಹತ್ತಿರದ ದಾರಿ ಹಿಡಿದು ದಾಟಿಬಿಡುತ್ತಿತ್ತು. ಕಣದ ಗಾತ್ರ ಅರ್ಧವಾದರೆ ಅದು ತಳಕ್ಕಿಳಿಯುವ ವೇಗ ಕಾಲುಭಾಗಕ್ಕೆ ಕುಗ್ಗುತ್ತದೆ. ನಮ್ಮ ನುಣುಪಾದ ಕೆಮ್ಮಣ್ಣಿಗೆ ಅಷ್ಟು ಹೊತ್ತು ಸಿಗುತ್ತಲೇ ಇರಲಿಲ್ಲ. ಬೇಸಿಗೆಯಲ್ಲಿ ಹೂಳೆತ್ತಿಸಿ, ಹೊರಬಾಯಿಯನ್ನು ಎದುರು ತುದಿಗೆ ಸರಿಸಿ, ನಡುವೆ ಕಲ್ಲಿನ ಅಡ್ಡಗೋಡೆಗಳನ್ನು ಕಟ್ಟಿಸಿದೆವು. ತ್ಯಾಜ್ಯ ಮಣ್ಣಿನ ರಾಶಿಯ ಮೇಲ್ಭಾಗದಲ್ಲಿ ಚರಂಡಿ ತೋಡಿ, ಗುಡ್ಡದ ತಿಳಿನೀರನ್ನು ಬೇರೆಯಾಗಿಯೇ ಸಾಗಿಸಿದೆವು. ಇಳಿಜಾರಿಗೆ ತೆಂಗಿನ ನಾರಿನ ಚಾಪೆ ಹಾಸಿ ಹುಲ್ಲು ಬಿತ್ತಿದೆವು.

2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿದ್ದನ್ನು ಕಂಡ ನೆಲವಿದು. ಇಷ್ಟನ್ನಾದರೂ ಮೊದಲೇ ಮಾಡಬೇಕಿತ್ತು.

ಈ ಸಲದ ಸಾಧಾರಣ ಮಳೆಗಳಲ್ಲಿ ನೀರು ಬಹುಮಟ್ಟಿಗೆ ತಿಳಿಯಾಗಿಯೇ ಹೊರಬಂದಿದೆ. ಒಂದು ರಾತ್ರಿಯ ಜಡಿಮಳೆಗೆ ಮಾತ್ರ ಮತ್ತೆ ಕೆಂಪಾಯಿತು. ಎರಡನೆಯ ಗುಂಡಿ ಬೇಕೇ ಬೇಕೆಂದು ಬರೆದುಕೊಟ್ಟಿದ್ದೇನೆ. ಕಳೆದ ವರ್ಷ ಕೆಳಗಿನ ಹೊಲದ ಅಜ್ಜನ ಜೋಳದ ಪೈರು ಕೆಸರಿನಡಿ ಹೂತುಹೋಗಿತ್ತು. ಈ ವರ್ಷ ಮೊಣಕಾಲೆತ್ತರಕ್ಕೆ ನಿಂತಿದೆ.