ಕಟ್ಟಿದರೆ ಹಿಂದಕ್ಕೆ ಜಗ್ಗುವ ಕುದುರೆ

ಹೊಸ ಸವಾರ: ಮೂರು ವರ್ಷದ ಕಾಠಿಯಾವಾಡಿ ತಳಿಯ ಹೆಣ್ಣು ಕುದುರೆ. ಕೈಯಲ್ಲಿ ಹಿಡಿದರೆ ಕುರಿಮರಿ, ಕಟ್ಟಿದರೆ ಹಿಂದಕ್ಕೆ ಜಗ್ಗುತ್ತದೆ. ನಿನ್ನೆ ಗೇಟಿಗೆ ಕಟ್ಟಿದ್ದೆ. ಗೇಟನ್ನೇ ಕಿತ್ತು ಎಳೆದುಕೊಂಡು ಅಂಗಳವೆಲ್ಲ ಓಡಿತು. ಏನು ಮಾಡಲಿ?

ಟಾಂಗಾ ಮನೆಯವ: ಗೇಟಿಗೆ ಯಾರಾದರೂ ಕಟ್ಟುತ್ತಾರಾ? ಗಟ್ಟಿ ಕಂಬಕ್ಕೆ ಕಟ್ಟಿಬಿಡಿ. ಅರ್ಧ ದಿನ ಜಗ್ಗಿ ಸೋತು ತಾನೇ ನಿಲ್ಲುತ್ತದೆ. ನಮ್ಮಜ್ಜ ಮೈಸೂರಲ್ಲಿ ಟಾಂಗಾ ಹೊಡೆಯುತ್ತಿದ್ದರು. ಮುಂದಿನ ಹಗ್ಗ ಅಗಾಡಿ, ಹಿಂಗಾಲಿನ ಹಗ್ಗ ಪಿಛಾಡಿ, ಎರಡೂ ಬಿಗಿದರೆ ಕುದುರೆ ಅಲುಗುತ್ತಿರಲಿಲ್ಲ.

ಲಾಯದ ಹುಡುಗಿ: ಸೋತು ನಿಲ್ಲುವ ಮೊದಲು ಕತ್ತು ಉಳುಕಿದರೆ? ಜಗ್ಗಿದಾಗ ಹಾಲ್ಟರ್, ಅಂದರೆ ಕಟ್ಟಲು ತಲೆಗೆ ಹಾಕುವ ಪಟ್ಟಿ, ಕಿವಿಯ ಹಿಂದೆ ಒತ್ತುತ್ತದೆ. ಸಿಕ್ಕಿಬಿದ್ದೆ ಅನ್ನಿಸಿ ಇನ್ನೂ ಜೋರಾಗಿ ಜಗ್ಗುತ್ತದೆ. ಅದು ಹಟ ಅಲ್ಲ, ಹೆದರಿಕೆ. ಮೊದಲು ಕಟ್ಟದೆ ಕಲಿಸಿ. ಹಗ್ಗ ಹಿಡಿದು ಮೆಲ್ಲಗೆ ಮುಂದಕ್ಕೆ ಎಳೆದು ಕಾಯಿರಿ. ಒಂದು ಇಂಚು ಮುಂದೆ ಬಾಗಿದ ಕೂಡಲೇ ಸಡಿಲ ಬಿಡಿ. ಆ ಸಡಿಲವೇ ಅದಕ್ಕೆ ಕೂಲಿ.

ಟಾಂಗಾ ಮನೆಯವ: ಕೇಳೋಕೆ ಚೆಂದ. ಮನೆಗೆಲಸ ಬಿಟ್ಟು ಎಷ್ಟು ದಿನ ಹೀಗೆ ಇಂಚು ಎಣಿಸೋದು?

ದನದ ಕೊಟ್ಟಿಗೆ: ಗಂಟಿನ ಬಗ್ಗೆ ಯಾರೂ ಹೇಳಲಿಲ್ಲ. ಎಳೆದಷ್ಟೂ ಬಿಗಿಯುವ ಗಂಟು ಬೇಡವೇ ಬೇಡ. ತುದಿ ಎಳೆದರೆ ಬಿಚ್ಚಿಕೊಳ್ಳುವ ಗಂಟು ಹಾಕಿ. ಕಂಬದ ಕೊಂಡಿಗೂ ಹಗ್ಗಕ್ಕೂ ನಡುವೆ ಸುತಲಿ ದಾರದ ಕುಣಿಕೆ ಇಟ್ಟರೆ ಕುದುರೆಗಿಂತ ಮೊದಲು ದಾರ ಹರಿಯುತ್ತದೆ.

ಟಾಂಗಾ ಮನೆಯವ: ಒಂದು ಸಲ ಹರಿದರೆ ಸಾಕು, ಜಗ್ಗಿದರೆ ಬಿಡುಗಡೆ ಅಂತ ಕಲಿತುಬಿಡುತ್ತದೆ!

ಲಾಯದ ಹುಡುಗಿ: ಈ ಮಾತು ಒಪ್ಪಿದೆ. ಅದಕ್ಕೇ ಶುರುವಿನಲ್ಲಿ ಕಟ್ಟಬೇಡಿ. ಉದ್ದ ಹಗ್ಗವನ್ನು ಕಂಬಕ್ಕೆ ಒಂದು ಸುತ್ತು ಹಾಕಿ, ತುದಿ ನಿಮ್ಮ ಕೈಯಲ್ಲಿರಲಿ. ಜಗ್ಗಿದರೆ ಉಜ್ಜುತ್ತ ಜಾರುತ್ತದೆ, ಪೂರ್ತಿ ಬಿಡುವುದಿಲ್ಲ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಬೆರಳು ಹೋಗುತ್ತದೆ. ಮುಂದೆ ಕಟ್ಟುವಾಗ ಕುದುರೆಯ ಹೆಗಲಿಗಿಂತ ಮೇಲೆ ಕಟ್ಟಿ, ಒಂದೂವರೆ ಮೊಳ ಹಗ್ಗ ಸಾಕು. ಜಾಸ್ತಿ ಬಿಟ್ಟರೆ ಕಾಲು ಸಿಕ್ಕಿಕೊಳ್ಳುತ್ತದೆ. ಲಗಾಮಿನಿಂದಂತೂ ಎಂದೂ ಕಟ್ಟಬೇಡಿ, ಬಾಯೊಳಗಿನ ಕಡಿವಾಣ ಬಾಯಿ ಸೀಳುತ್ತದೆ.

ಟಾಂಗಾ ಮನೆಯವ: ಈಗ ನೆನಪಾಯಿತು. ಅಜ್ಜನ ಒಂದು ಕುದುರೆಗೆ ಕತ್ತು ಎಡಕ್ಕೆ ತಿರುಗುತ್ತಲೇ ಇರಲಿಲ್ಲ. ಕಲ್ಲಿಗೆ ಕಟ್ಟಿದ್ದಾಗ ಹೀಗಾಯಿತು ಅನ್ನುತ್ತಿದ್ದರು. ಉಳಿದವು ನಿಲ್ಲುತ್ತಿದ್ದದ್ದು ಹಗ್ಗಕ್ಕೋ, ದಿನವಿಡೀ ದುಡಿದ ಸುಸ್ತಿಗೋ.

ಹೊಸ ಸವಾರ: ಇವತ್ತು ಹತ್ತು ನಿಮಿಷ ಮಾಡಿದೆ. ಎರಡು ಸಲ ಜಗ್ಗಿತು. ಮೂರನೇ ಸಲ ಹಗ್ಗ ಬಿಗಿದ ಕೂಡಲೇ ನಿಂತು, ಕಿವಿ ನನ್ನ ಕಡೆ ತಿರುಗಿಸಿ, ಒಂದು ಹೆಜ್ಜೆ ಮುಂದಿಟ್ಟಿತು. ಕಟ್ಟಲು ಇನ್ನೂ ಧೈರ್ಯ ಬಂದಿಲ್ಲ.

ಲಾಯದ ಹುಡುಗಿ: ಅಷ್ಟಕ್ಕೇ ನಿಲ್ಲಿಸಿದ್ದೀರಿ ತಾನೇ? ನಾಳೆಯೂ ಹತ್ತೇ ನಿಮಿಷ.