‘ನಾನು ಸುಮ್ಮನೆ ಹೆದರ್ತಾ ಇದ್ದೀನಾ?’ – ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಇಪ್ಪತ್ತಾರರ ಓದುಗರೊಬ್ಬರು ತಮ್ಮ ಕಷ್ಟ ಹೇಳಿಕೊಂಡಿದ್ದರು. ಮುಟ್ಟಿನ ತೊಂದರೆಗೆ ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾಗ ಎಡಗಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಅದರ ತುಣುಕು ಶ್ವಾಸಕೋಶಕ್ಕೂ ಹೋಗಿತ್ತು. ಚಿಕಿತ್ಸೆ ಮುಗಿಯುತ್ತ ಬಂದಿದೆ, ರಕ್ತ ತೆಳುಗೊಳಿಸುವ ಮಾತ್ರೆ ನಿಲ್ಲಿಸಬಹುದು ಎಂದಿದ್ದಾರೆ ವೈದ್ಯರು. ಮನೆಯವರದು ‘ಸರಿಹೋಯ್ತಲ್ಲ, ಇನ್ನು ಮರೆತುಬಿಡು’ ಎಂಬ ಮಾತು. ಇವರಿಗೋ ಮೀನಖಂಡ ತುಸು ಹಿಡಿದರೂ ರಾತ್ರಿಯಿಡೀ ನಿದ್ದೆಯಿಲ್ಲ.

ಬಂದ ಪತ್ರಗಳಲ್ಲಿ ಹೆಚ್ಚಿನವು ಇದೇ ನೋವು ಉಂಡವರದು. ಮೊದಲನೆಯದು ದೀರ್ಘವಾಗಿದೆ. ಕತ್ತರಿಸಲು ಮನಸ್ಸಾಗಲಿಲ್ಲ.

*

ತಂಗೀ, ನಿಮ್ಮ ಪತ್ರ ಅರ್ಧ ಓದಿ ಪಕ್ಕಕ್ಕಿಟ್ಟೆ. ಮಕ್ಕಳು ಮಲಗಿದ ಮೇಲೆ ಮತ್ತೆ ತೆಗೆದೆ.

ನನಗಾಗಿದ್ದು ಮೊದಲ ಹೆರಿಗೆಯಾಗಿ ಮೂರನೇ ವಾರದಲ್ಲಿ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಉಸಿರು ಒಳಗೆಳೆದಾಗಲೆಲ್ಲ ಬಲಪಕ್ಕೆಯಲ್ಲಿ ಚೂರಿ ಹಾಕಿದ ಹಾಗೆ ನೋವು. ‘ಬಾಣಂತಿ, ನಿದ್ದೆಗೆಟ್ಟಿದ್ದೀಯ, ಇದೆಲ್ಲ ಇದ್ದದ್ದೇ’ ಅಂದರು ಮನೆಯಲ್ಲಿ. ಆಸ್ಪತ್ರೆಗೆ ಹೋದೆ. ಎದೆ ಡವಡವ ಹೊಡೆದುಕೊಳ್ಳುತ್ತಿದ್ದುದನ್ನು ನೋಡಿ ಅಲ್ಲಿನ ಡಾಕ್ಟರು ಗಾಬರಿ ಅಂದರು. ‘ಇಷ್ಟು ಸಣ್ಣ ವಯಸ್ಸಿಗೆ ಏನೂ ಆಗಲ್ಲಮ್ಮ’ ಅಂತ ಸಮಾಧಾನ ಮಾಡಿ ಕಳಿಸಿದರು. ಬಚ್ಚಲಲ್ಲಿ ಕುಸಿದು ಬಿದ್ದ ಮೇಲೆಯೇ ಸಿಟಿ ಸ್ಕ್ಯಾನ್ ಆಗಿದ್ದು. ಎರಡೂ ಶ್ವಾಸಕೋಶಗಳಲ್ಲಿ ಹೆಪ್ಪು.

ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಮಡಿಕೆ ಮಾಡಿ ಹಿಡಿದು ರಕ್ತ ತೆಳುಗೊಳಿಸುವ ಹೆಪಾರಿನ್ ಚುಚ್ಚಿಕೊಳ್ಳುವುದನ್ನು ನರ್ಸ್ ಕಲಿಸಿದರು. ಮಗು ಪಕ್ಕದಲ್ಲಿ ಹಾಲಿಗೆ ಅಳುತ್ತಿರುತ್ತಿತ್ತು, ನನ್ನ ಕೈಯಲ್ಲಿ ಸಿರಿಂಜು. ಹೊಕ್ಕುಳ ಸುತ್ತ ನೀಲಿ, ಹಳದಿ ಕಲೆಗಳು. ಆಮೇಲೆ ಅದೇ ಕೆಲಸದ ಮಾತ್ರೆ, ವಾರ್ಫರಿನ್. ರಕ್ತ ಎಷ್ಟು ತೆಳುವಾಗಿದೆ ಅಂತ ತೋರಿಸುವ ಐಎನ್‌ಆರ್ 2ರಿಂದ 3ರ ನಡುವೆ ಇರಬೇಕು ಅಂತ ಮತ್ತೆ ಮತ್ತೆ ರಕ್ತ ಪರೀಕ್ಷೆ. ಹಾಲೂಡಿಸಬಹುದಾ ಅಂತ ಕೇಳುವುದಕ್ಕೂ ಹೆದರಿಕೆ. ಈ ಎರಡು ಔಷಧಿ ತೆಗೆದುಕೊಳ್ಳುತ್ತಲೇ ಊಡಿಸಬಹುದು ಅಂತ ರಕ್ತರೋಗ ತಜ್ಞರು ಹೇಳಿದಾಗ ಅವರೆದುರೇ ಅತ್ತುಬಿಟ್ಟೆ.

ಹೆರಿಗೆಯ ನಂತರದ ಆರು ವಾರ ಈ ಅಪಾಯ ಬಸುರಿನ ಕಾಲಕ್ಕಿಂತಲೂ ಹೆಚ್ಚು. ಅಷ್ಟು ತಿಂಗಳ ತಪಾಸಣೆಯಲ್ಲಿ ಯಾರಾದರೂ ಒಬ್ಬರು ಇದನ್ನು ಹೇಳಬಹುದಿತ್ತು. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ‘ಏನೂ ಇಲ್ಲ’ ಅನ್ನಿಸಿಕೊಂಡು ಮನೆಗೆ ಬಂದವಳಿಗೆ ಆಮೇಲೆ ಯಾರು ‘ಏನೂ ಇಲ್ಲ’ ಅಂದರೂ ನಂಬಿಕೆ ಹುಟ್ಟುವುದಿಲ್ಲ. ನಿಮ್ಮ ಹೆದರಿಕೆಯ ಬೇರು ನನಗೆ ಗೊತ್ತು. ಮಗನಿಗೆ ಈಗ ಒಂಬತ್ತು. ದೂರದ ಪ್ರಯಾಣದಲ್ಲಿ ನಾನು ಇವತ್ತಿಗೂ ಪಾದ ಆಡಿಸುತ್ತಲೇ ಕೂರುವುದು. ನಗುವವರು ನಗಲಿ.

– ಇಬ್ಬರು ಮಕ್ಕಳ ತಾಯಿ

*

ಎಲ್ಲರ ದನಿ ಒಂದೇ ಆಗಿರಲಿಲ್ಲ.

ಡಾಕ್ಟರು ನಿಲ್ಲಿಸಿ ಅಂದ ಮೇಲೆ ನಿಲ್ಲಿಸಬೇಕು. ದಿನವಿಡೀ ಕಾಲು ಒತ್ತಿ ನೋಡಿಕೊಳ್ಳುತ್ತ ಕೂತರೆ ಮನೆಯವರು ಎಷ್ಟಂತ ಸಹಿಸುತ್ತಾರೆ? ಈ ಎಚ್ಚರ ಹಾರ್ಮೋನ್ ಮಾತ್ರೆ ಶುರುಮಾಡುವಾಗ ಇರಬೇಕಿತ್ತು.

– ನಿವೃತ್ತ ಶಿಕ್ಷಕಿ

*

ಮಾತ್ರೆ ಬರೆದುಕೊಟ್ಟವರು ಅದರ ಅಪಾಯವನ್ನು ತಿಳಿಸಿದ್ದರೇ ಎಂಬುದು ನಮ್ಮ ಓದುಗರ ಪತ್ರದಲ್ಲಿರಲಿಲ್ಲ. ಮುಂದಿನ ಪತ್ರ ಔಷಧ ವಿತರಕರೊಬ್ಬರದು.

ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆಗಳನ್ನೇ ಮುಟ್ಟಿನ ಏರುಪೇರಿಗೂ ಕೊಡುತ್ತಾರೆ. ಇವನ್ನು ತೆಗೆದುಕೊಳ್ಳದ, ಗರ್ಭಿಣಿಯೂ ಅಲ್ಲದ 10,000 ಯುವತಿಯರಲ್ಲಿ ವರ್ಷಕ್ಕೆ ಸುಮಾರು 2 ಮಂದಿಗೆ ರಕ್ತ ಹೆಪ್ಪುಗಟ್ಟುವ ತೊಂದರೆ ಬರುತ್ತದೆ. ತೆಗೆದುಕೊಳ್ಳುವವರಲ್ಲಿ ಇದು 5ರಿಂದ 12. ಮಾತ್ರೆಯಲ್ಲಿರುವ ಇನ್ನೊಂದು ಹಾರ್ಮೋನ್ ಯಾವುದು ಎಂಬುದರ ಮೇಲೆ ಹೆಚ್ಚುಕಡಿಮೆ. ಇದು ಯುರೋಪಿನ ಔಷಧ ನಿಯಂತ್ರಣ ಸಂಸ್ಥೆಯ ಲೆಕ್ಕ. ಮೊದಲ ವರ್ಷದಲ್ಲಿ ಅಪಾಯ ಹೆಚ್ಚು. ಬಹುಪಾಲು ಹೆಂಗಸರಿಗೆ ಏನೂ ಆಗುವುದಿಲ್ಲ ಎನ್ನುವುದು ನಿಜ. ಆದರೆ ಹೆತ್ತವರಿಗೋ ಒಡಹುಟ್ಟಿದವರಿಗೋ ಹೀಗಾಗಿತ್ತೇ ಎಂದು ಕೇಳದೆ ಕೊಡುವುದು ತಪ್ಪು. ಆ ತಪ್ಪು ನುಂಗಿದವರದಲ್ಲ.

ಮಾತ್ರೆಯಂಥ ಕಾರಣ ಸ್ಪಷ್ಟವಿದ್ದು, ಅದು ನಿಂತ ಮೇಲೆ ಮತ್ತೆ ಹೆಪ್ಪುಗಟ್ಟುವ ಸಾಧ್ಯತೆ, ಕಾರಣವೇ ಸಿಗದವರಿಗೆ ಹೋಲಿಸಿದರೆ ಕಡಿಮೆ. ನಿಮ್ಮ ವೈದ್ಯರು ಇದನ್ನೇ ನೋಡಿ ಹೇಳಿರಬೇಕು. ಅವರ ಬಾಯಿಂದಲೇ ಬಿಡಿಸಿ ಹೇಳಿಸಿಕೊಳ್ಳಿ. ಮುಂದೆ ಯಾರು ಯಾವ ಹಾರ್ಮೋನ್ ಮಾತ್ರೆ ಬರೆದರೂ, ಮುಟ್ಟು ಮುಂದೂಡುವುದಕ್ಕಾದರೂ ಸರಿ, ಈ ವಿಷಯ ಮೊದಲು ತಿಳಿಸಿ. ಗರ್ಭ ಧರಿಸುವ ಯೋಚನೆ ಇದ್ದರೆ ಮುಂಚೆಯೇ ಹೋಗಿ ಕಾಣಿ.

*

ಎಡಗಾಲು ಅಂತ ಬರೆದಿದ್ದೀರಿ. ಊತ ತೊಡೆಯವರೆಗೂ ಇತ್ತೇ? ಕೆಳಹೊಟ್ಟೆಯಲ್ಲಿ ಬಲಗಾಲಿಗೆ ಹೋಗುವ ಅಪಧಮನಿ, ಎಡಗಾಲಿನಿಂದ ಬರುವ ಅಭಿಧಮನಿಯ ಮೇಲೆ ಹಾದುಹೋಗುತ್ತದೆ. ಕೆಲವರಲ್ಲಿ ಅದನ್ನು ಬೆನ್ನುಮೂಳೆಗೆ ಅದುಮಿ ಹಿಡಿದಿರುತ್ತದೆ. 1957ರಲ್ಲಿ ಮೇ ಮತ್ತು ಥರ್ನರ್ ಎಂಬ ವೈದ್ಯರು ಇದನ್ನು ವಿವರಿಸಿದರು. ಯುವತಿಯರಲ್ಲಿ ಹೆಚ್ಚು. ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನನ್ನು ಕಾಲಿಗೆ ಮಾತ್ರ ಮಾಡಿದ್ದರೆ ಕಾಣದೇ ಹೋಗಬಹುದು. ಔಷಧಿ ನಿಲ್ಲಿಸುವ ಮುಂಚೆ ಕೇಳಿ.

– ಸ್ಕ್ಯಾನಿಂಗ್ ವಿಭಾಗದಲ್ಲಿ ಕೆಲಸ ಮಾಡುವವಳು

*

ಈ ಪ್ರಶ್ನೆಯನ್ನು ನಮ್ಮ ಓದುಗರಿಗೆ ಆಗಲೇ ತಲುಪಿಸಿದ್ದೇವೆ. ಮುಂದಿನ ಪತ್ರ ವಿದ್ಯಾರ್ಥಿನಿಯೊಬ್ಬರದು.

ಮುಟ್ಟಿನ ಬಗ್ಗೆ ಯಾರಾದರೂ ಬರೆದಿದ್ದಾರಾ? ರಕ್ತ ತೆಳುಗೊಳಿಸುವ ರಿವರೊಕ್ಸಬಾನ್ ಮಾತ್ರೆ ಶುರುವಾದ ಮೇಲೆ ನನಗೆ ಗಂಟೆಗೊಂದು ಪ್ಯಾಡ್. ಹಿಮೋಗ್ಲೋಬಿನ್ ಇಳಿದು ತಲೆ ಸುತ್ತುತ್ತಿತ್ತು. ಇದೂ ಔಷಧಿಯ ಪರಿಣಾಮ, ಬೇರೆ ಮಾತ್ರೆಗೆ ಬದಲಾಯಿಸಬಹುದು ಅಂತ ಗೊತ್ತಾಗಿದ್ದೇ ತಡವಾಗಿ. ಹಲ್ಲುಕಚ್ಚಿ ಸಹಿಸಬೇಡಿ, ಹಾಗಂತ ನೀವೇ ಮಾತ್ರೆ ಬಿಡಲೂಬೇಡಿ.

– ಇಪ್ಪತ್ತೊಂದರ ವಿದ್ಯಾರ್ಥಿನಿ

*

ಗಂಡಂದಿರಿಂದ ಬಂದದ್ದು ಒಂದೇ ಪತ್ರ.

ನನ್ನ ಹೆಂಡತಿಗೂ ಹೀಗೇ ಆಗಿತ್ತು. ಕಾಲು ನೋವು ಅಂದಾಗ ‘ಏನಿಲ್ಲ ಬಿಡು’ ಅನ್ನುವ ಬದಲು ಟೇಪ್ ತರುತ್ತೇನೆ. ಮಂಡಿಯ ಕೆಳಗೆ ಎರಡೂ ಕಾಲಲ್ಲಿ ಒಂದೇ ಎತ್ತರದಲ್ಲಿ ಅಳೆದು ಪುಸ್ತಕದಲ್ಲಿ ಬರೆದಿಡುತ್ತೇವೆ. ಊತ ಮೊದಲಿಗಿಂತ ಹೆಚ್ಚಿದ್ದರೆ ಬನ್ನಿ ಎಂದಿದ್ದಾರೆ ಡಾಕ್ಟರು. ಉಸಿರು ಕಟ್ಟಿದರೆ, ಎದೆನೋವು ಬಂದರೆ, ಕೆಮ್ಮಿದಾಗ ರಕ್ತ ಕಂಡರೆ ಟೇಪ್ ಹುಡುಕುತ್ತ ಕೂರುವುದಿಲ್ಲ, ನೇರ ತುರ್ತು ಚಿಕಿತ್ಸಾ ವಿಭಾಗಕ್ಕೆ. ಅವಳು ಈಗ ರಾತ್ರಿ ಮಲಗುತ್ತಾಳೆ.

*

ಅಳತೆಯಲ್ಲಿ ವ್ಯತ್ಯಾಸ ಕಾಣದಿದ್ದರೂ ನೋವು ಹೊಸದಾಗಿದ್ದರೆ ತೋರಿಸಿಕೊಳ್ಳುವುದು ಒಳ್ಳೆಯದು. ನಮ್ಮ ಓದುಗರು ಮುಂದಿನ ವಾರ ವೈದ್ಯರನ್ನು ಕಾಣಲಿದ್ದಾರೆ. ಮನೆಯವರನ್ನೂ ಜತೆಗೆ ಕರೆದುಕೊಂಡು ಹೋಗುತ್ತಾರಂತೆ. – ಸಂ.