ಸಹಾಯ ಬೇಕು: ತೋಳ ಹಿಡಿದ ಕುರಿಗಳ ಪರಿಹಾರ, ದೊಡ್ಡಿಗೆ ಬೇಲಿ

ಎಲ್ಲರಿಗೂ ನಮಸ್ಕಾರ. ನಮ್ದು ಯಾದಗಿರಿ ಜಿಲ್ಲೆ, ಸುರಪುರ ಕಡೆ. ಅಪ್ಪಗ ಎಂಬತ್ತು ಕುರಿ ಅದಾವ. ಹೋದ ವಾರ ಹೊಲದಾಗ ಹಟ್ಟಿ ಹಾಕಿದ್ವಿ. ಬೆಳಗಿನ ಜಾವ ತೋಳ ಕುರಿ ಸುತ್ತ ಕಟ್ಟಿದ ಬಲೆ ಹಾರಿ ಬಂದು ಮೂರು ಕುರಿ ಕೊಂದು, ಒಂದು ಮರಿ ಎತ್ತಿಕೊಂಡು ಹೋತು. ನಾಯಿ ಬೊಗಳಿದಾಗ ಅಪ್ಪ ಬ್ಯಾಟರಿ ಹಿಡಕೊಂಡು ಓಡಿದ್ರ, ಕುತ್ತಿಗಿ ಹರಿದ ಕುರಿ ಇನ್ನೂ ಕಾಲು ಬಡೀತಿತ್ತು. ಅದರ ಮರಿ ಎರಡು ದಿನ ಒದರತಾನೇ ಇತ್ತು, ಬಾಟಲಿ ಹಾಲು ಬಾಯಿಗೆ ಇಟ್ರೂ ಕುಡೀಲಿಲ್ಲ.

ಕಚೇರಿಗೆ ಹೋದ್ರೆ ಮರಣೋತ್ತರ ಪರೀಕ್ಷೆ ಚೀಟಿ ಕೇಳಿದ್ರು. ವಾಸನಿ ಬಂತಂತ ಅಪ್ಪ ಆಗಲೇ ಹೂತುಬಿಟ್ಟಿದ್ದ. ಮೊಬೈಲ್‌ನಾಗಿನ ಫೋಟೋ, ಹೆಜ್ಜೆ ಗುರುತು ಅಷ್ಟೇ ನಮ್ಮ ಹತ್ರ ಅದಾವ. ಇದರ ಮೇಲೆ ಪರಿಹಾರ ಪಡೆದವರು ಯಾರಾದ್ರೂ ಇದ್ದೀರಾ?

ಆಕಸ್ಮಿಕವಾಗಿ ಸತ್ತ ಕುರಿ, ದನಕ್ಕ ರಾಜ್ಯ ಸರ್ಕಾರ ಪರಿಹಾರ ಕೊಡೋ ಅನುಗ್ರಹ ಯೋಜನೆಯಾಗ ಕುರಿಗೆ 5,000 ಇದ್ದದ್ದನ್ನ 2025ರ ಬಜೆಟ್‌ನಾಗ 7,500 ರೂಪಾಯಿ ಮಾಡ್ಯಾರ. ತೋಳ ತಿಂದ್ರೆ ಅದಕ್ಕ ಪಶು ಇಲಾಖೆಗೆ ಅರ್ಜಿ ಹಾಕಬೇಕಾ, ಅರಣ್ಯ ಇಲಾಖೆಗಾ? ಇಬ್ಬರೂ ಒಬ್ಬರ ಕಡೆ ಒಬ್ಬರು ಕೈ ತೋರಸ್ತಾರ.

ಅದಕ್ಕಿಂತ ಮುಖ್ಯ, ಗಟ್ಟಿ ಜಾಲರಿ ಬೇಲಿ, ಸೋಲಾರ್ ಲೈಟಿಗೆ ಸಹಾಯಧನ ಸಿಗ್ತದಾ? ಸತ್ತ ಮೇಲೆ ಕೊಡೋ ರೊಕ್ಕಕ್ಕಿಂತ ಸಾಯದಂಗ ಮಾಡೋ ರೊಕ್ಕ ಬೇಕು ನಮಗ.

ದಯವಿಟ್ಟು ವಿಷ ಇಡ್ರಿ ಅಂತ ಹೇಳಬ್ಯಾಡ್ರಿ. ತೋಳ 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯಾಗಿನ ಪ್ರಾಣಿ, ಕೊಪ್ಪಳ ಜಿಲ್ಲೆಯ ಬಂಕಾಪುರದಾಗ ಅದಕ್ಕಂತನೇ ಧಾಮ ಮಾಡ್ಯಾರ. ಅಪ್ಪನೂ ಅದನ್ನ ಕೊಲ್ಲೋ ಮಾತು ಆಡಿಲ್ಲ. ಶಹಾಪುರ, ಚಿಂಚೋಳಿ, ಔರಾದ ಕಡೆ ಕುರಿ ಸಾಕೋರು ಯಾವ ಕಾಗದ ಕೊಟ್ರಿ, ಎಷ್ಟು ದಿನ ಹಿಡೀತು ಅಂತ ಇಲ್ಲೇ ಬರೀರಿ. ಅಪ್ಪಗ ಇವತ್ತೇ ಓದಿ ಹೇಳ್ತೀನಿ.